ಕೆಂಪು ಬಾಳೆಯ ಅಂಗಡಿ ಎದುರು ನಿಂತ ಲಾರಿ

"ಲಾರಿಯ ಡೀಸೆಲ್ ಪಂಪ್ ಹೋಗ್ಯಾದ್ರಿ ಅಕ್ಕೋರ. ಹೈದರಾಬಾದಿನಿಂದ ಸಾಮಾನು ಬರಬೇಕು. ಅಲ್ಲೀತನ ಆ ಗಾಡಿ ಅಲುಗಂಗಿಲ್ಲ."

ಅಜರ್ ಮಿಸ್ತ್ರಿ ಈ ಮಾತು ಹೇಳಿದ್ದು ಮುಖ ಎತ್ತದೆ. ಸೇಡಂ ರಸ್ತೆಯ ತನ್ನ ಗ್ಯಾರೇಜಿನಲ್ಲಿ ಅವನು ಟ್ರಾಕ್ಟರೊಂದರ ಬೋಲ್ಟ್ ಬಿಗಿ ಮಾಡುತ್ತಿದ್ದ. ಆ ಬೋಲ್ಟ್ ಆಗಲೇ ಬಿಗಿಯಾಗಿತ್ತು. ಆದರೂ ಪಾನಾ ತಿರುಗುತ್ತಲೇ ಇತ್ತು. ಮಂಜುಷಾ ಅದನ್ನು ನೋಡಿಯೂ ನೋಡದವಳಂತೆ ನಿಂತಳು.

"ಪಂಪೇ ಹೋಗ್ಯಾದ ಅಂತ ಹ್ಯಾಂಗ ಗೊತ್ತಾತು ಅಜರ್ ಭಾಯಿ?"

"ಸೆಲ್ಫ್ ಹೊಡದ್ರ ಇಂಜಿನ್ ಛಲೋ ತಿರಗತದ, ಹಿಡಿಯಂಗಿಲ್ಲ. ಬ್ಯಾಟರಿ ಅದ. ಟಾಕಿ ತುಂಬ ಡೀಸೆಲ್ ಅದ. ಮತ್ತೇನ್ರಿ? ಪಂಪೇ."

"ಸೆಲ್ಫ್ ಹೊಡದಾಗ ಸೈಲೆನ್ಸರಿನ್ಯಾಗ ಹೊಗಿ ಬಂತೇನು?"

ಪಾನಾ ನಿಂತಿತು.

"ಬಂತ್ರಿ. ಬಿಳಿ ಹೊಗಿ. ಭಾಳ ಬಂತು."

ಮಂಜುಷಾ ತಲೆಯಾಡಿಸಿದಳು. ಪತ್ತೇದಾರಿ ಕೆಲಸಕ್ಕೆ ಇಳಿಯುವ ಮೊದಲು ಅವಳು ಪಾಲಿಟೆಕ್ನಿಕ್ಕಿನಲ್ಲಿ ಡೀಸೆಲ್ ಇಂಜಿನ್ ಪಾಠ ಹೇಳುತ್ತಿದ್ದಳು. ಊರಲ್ಲಿ ಈಗಲೂ ಅನೇಕರಿಗೆ ಅವಳು 'ಅಕ್ಕೋರು'. ಬಿಳಿ ಹೊಗೆ ಬಂದಿದ್ದರೆ ಡೀಸೆಲ್ ಇಂಜಿನ್ನಿನ ಒಳಗೆ ಹೋಗುತ್ತಿದೆ ಎಂದರ್ಥ. ಪಂಪ್ ಪೂರ್ತಿ ಸತ್ತಿದ್ದರೆ ಹೊಗೆ ಎಲ್ಲಿಂದ ಬರಬೇಕು? ಇದು ಮೊದಲ ವರ್ಷದ ಹುಡುಗರಿಗೂ ಗೊತ್ತಿರುವ ಮಾತು. ಅಜರ್ ಅಂಥ ಪಳಗಿದ ಮಿಸ್ತ್ರಿ ಹೀಗೆ ಎಡವುವುದಿಲ್ಲ. ಅವಸರದಲ್ಲಿ ಸುಳ್ಳು ಹೇಳುವವನು ಎಡವುತ್ತಾನೆ.

"ನಡೀರಿ, ಕಮಲಾಪುರಕ್ಕ ಹೋಗಿ ಬರೂಣು."

"ಇವತ್ತ ಆಗಂಗಿಲ್ರಿ. ಕೆಲಸ ಭಾಳ ಅದ."

ಅಷ್ಟರಲ್ಲಿ ಹೊರಗೆ ಕಾರಿನಲ್ಲಿದ್ದ ಜಯದೇವಿ ಇಳಿದು ಬಂದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ಅಣ್ಣಾ, ನೀ ನನ್ನ ಗಂಡನ ಗೆಳ್ಯಾ. ನೀನೂ ಬರಂಗಿಲ್ಲ ಅಂದ್ರ ನಾ ಯಾರನ್ನ ಕೇಳಲಿ?"

ಅಜರ್ ಅವಳ ಮುಖ ನೋಡಿದ. ಪಾನಾ ಕೆಳಗಿಟ್ಟ. ಕೈ ಒರೆಸಿಕೊಂಡು ಕಾರು ಹತ್ತಿದ.

ಜಯದೇವಿಯ ಗಂಡ ಸಾಯಬಣ್ಣ ಲಾರಿ ಡ್ರೈವರ್. ತೊಗರಿ ಬೇಳೆ ಹೇರಿಕೊಂಡು ಕಲಬುರಗಿಯಿಂದ ಹೊರಟವನು ಕಮಲಾಪುರದಿಂದ ಮಾಲೀಕನಿಗೆ ಫೋನ್ ಮಾಡಿ 'ಗಾಡಿ ಚಾಲೂ ಆಗವಲ್ದು' ಎಂದಿದ್ದ. ಅಲ್ಲಿಂದಾಚೆ ಅವನ ಸುಳಿವಿರಲಿಲ್ಲ. ಲಾರಿ ಇತ್ತು, ಬೇಳೆಯ ಒಂದು ಚೀಲವೂ ಕಡಿಮೆಯಾಗಿರಲಿಲ್ಲ, ಡ್ರೈವರ್ ಮಾತ್ರ ಇರಲಿಲ್ಲ. ಗಂಡನನ್ನು ಹುಡುಕಿಕೊಡಿ ಎಂದು ಜಯದೇವಿ ಜೇವರ್ಗಿ ಕಾಲೋನಿಯ ಮನೆಗೇ ಬಂದು ಮಂಜುಷಾಳ ಕಾಲು ಹಿಡಿದಿದ್ದಳು.

ದಾರಿಯುದ್ದಕ್ಕೂ ಮಂಜುಷಾ ಕನ್ನಡಿಯಲ್ಲಿ ಅಜರ್‌ನನ್ನೇ ಗಮನಿಸುತ್ತಿದ್ದಳು. ಅವನು ಹಿಂದಿನ ಸೀಟಿನಲ್ಲಿ ಕಿಟಕಿಗೆ ಅಂಟಿಕೊಂಡು ಕೂತಿದ್ದ.

"ಸಾಯಬಣ್ಣ ನಿಮಗ ಫೋನ್ ಮಾಡಿದ್ದೇನು?"

"ಇಲ್ರಿ."

"ಮತ್ತ ಗಾಡಿ ಕೆಟ್ಟದ್ದು ನಿಮಗ ಯಾರು ಹೇಳಿದ್ರು?"

"ಮಾಲಕರು ಹೇಳಿದ್ರಿ." ಸ್ವಲ್ಪ ತಡೆದು ಮತ್ತೆ ಅಂದ, "ಶಿವಶರಣಪ್ಪನವರು."

"ಕಡೀಗೆ ಅಂವನ ಮಾರಿ ನೋಡಿದ್ದು ಮನಿ ಬಿಟ್ಟು ಹೊಂಟಾಗ್ರಿ," ಎಂದಳು ಮುಂದಿನ ಸೀಟಿನಲ್ಲಿದ್ದ ಜಯದೇವಿ, ಕೇಳದಿದ್ದರೂ. "ರೊಟ್ಟಿ ಕಟ್ಟಿಕೊಟ್ಟಿದ್ದೆ. ಅದಾದ ಮ್ಯಾಲ ಕಂಡಿಲ್ಲ." ಅವಳು ಕಣ್ಣೊರೆಸಿಕೊಂಡಳು.

ಅಜರ್ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಕಮಲಾಪುರ ಬಂತು. ರಸ್ತೆಯ ಬದಿಗೆ ಕೆಂಪು ಬಾಳೆಗೊನೆ ತೂಗುಹಾಕಿದ ಅಂಗಡಿಗಳ ಸಾಲು. ಅದರಲ್ಲೊಂದರ ಎದುರಿಗೆ, ರಸ್ತೆಯ ಈಚೆ ಬದಿಯ ಬೇವಿನ ಮರದ ನೆರಳಿನಲ್ಲಿ ಲಾರಿ ನಿಂತಿತ್ತು. ಹಳೇ ಮಾಡೆಲ್. ತಾಡಪತ್ರಿಯ ಹಗ್ಗದ ಗಂಟುಗಳು ಬಿಚ್ಚಿರಲಿಲ್ಲ.

ಲಾರಿಯ ಪಕ್ಕದಲ್ಲೇ ಮಾಲೀಕ ಶಿವಶರಣ ನಿಂತಿದ್ದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕಿವಿಗೆ ಫೋನು. ಜಯದೇವಿಯನ್ನು ಕಂಡೊಡನೆ ಫೋನು ಇಳಿಸಿ ಗದರಿದ.

"ಬಂದೇನವಾ? ನಿನ್ನ ಗಂಡ ನನ್ನ ಗಾಡಿ ಬೀದ್ಯಾಗ ಬಿಟ್ಟು ಓಡಿ ಹೋಗ್ಯಾನ. ಮಾಲು ಹೈದರಾಬಾದಿಗೆ ಮುಟ್ಟಬೇಕಿತ್ತು. ಕಳ್ಳ!"

"ಕಳ್ಳ ಆಗಿದ್ರ ಬ್ಯಾಳಿ ಬಿಟ್ಟು ಯಾಕ ಓಡ್ತಿದ್ದ?" ಎಂದಳು ಮಂಜುಷಾ. "ನೀವು ಬ್ಯಾರೆ ಮಿಸ್ತ್ರಿನ್ನ ಕರೀಲಿಲ್ಲೇನ್ರಿ?"

"ಕರದೆ. ಇಬ್ಬರು ಬಂದ್ರು. ಅಜರ್ ನೋಡಿ ಪಂಪ್ ಅಂದಾನ ಅಂದ್ರ ನಾವು ಕೈ ಹಚ್ಚಂಗಿಲ್ಲ ಅಂದು ಹೋದ್ರು. ಕ್ರೇನ್ ತರಸಬೇಕಂದ್ರ ರಸ್ತೆ ತುಂಬ ಜನ, ಪೊಲೀಸರು, ಹತ್ತು ಮಂದಿಗೆ ಉತ್ತರ. ನೀವರೆ ನೋಡ್ರಿ ಮ್ಯಾಡಂ. ಚಾಲೂ ಆದ್ರ ಸಾಕು."

ಮಂಜುಷಾ ಲಾರಿಯ ಕಡೆಗೆ ಹೋಗಲಿಲ್ಲ. ರಸ್ತೆ ದಾಟಿ ಬಾಳೆಹಣ್ಣಿನ ಅಂಗಡಿಗೆ ಹೋದಳು. ಅಂಗಡಿಯ ಬಂಡೆಮ್ಮ ಹಣ್ಣಿಗೆ ನೀರು ಚಿಮುಕಿಸುತ್ತಿದ್ದಳು.

"ಯವ್ವಾ, ಲಾರಿ ಇಲ್ಲಿ ನಿಂತಾಗ ನೀವು ನೋಡಿದ್ರೇನು?"

"ಯಾಕ ನೋಡಿಲ್ಲ? ಕಣ್ಣ ಮುಂದ ಬಂದು ನಿಂತದ." ಬಂಡೆಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಛಲೋ ಬಂತು. ಹಿಂದ ಮುಂದ ಮಾಡಿ ನೆಳ್ಳಾಗ ಹಚ್ಚಿದ. ಇಳದು ಗಾಲಿಗೆ ಕಲ್ಲು ಇಟ್ಟ. ಮತ್ತ ಒಳಗ ಹತ್ತಿ ಏನೋ ಬಗ್ಗಿ ಮಾಡಿದ. ನನ್ನ ಬಲ್ಲಿ ಬಂದು ಎರಡು ಹಣ್ಣು ತಿಂದ."

"ಕೆಟ್ಟು ನಿಂತದ್ದಲ್ಲ?"

"ಕೆಟ್ಟ ಗಾಡಿ ನೆಳ್ಳು ನೋಡಿ ನಿಂದರತದೇನು?" ಬಂಡೆಮ್ಮ ದನಿ ತಗ್ಗಿಸಿದಳು. "ಹೋಗುವಾಗ ಒಂದು ಮಾತು ಅಂದ. ಅವ್ವಾ, ಗಾಡಿ ಮ್ಯಾಲ ಕಣ್ಣಿಡು, ಹಗ್ಗ ಯಾರು ಬಿಚ್ಚಿದ್ರೂ ಬೊಬ್ಬೆ ಹೊಡಿ ಅಂತ. ಆಮ್ಯಾಲ ಕಲಬುರಗಿ ಬಸ್ ಹತ್ತಿದ."

ಮಂಜುಷಾಳ ಹುಬ್ಬು ಗಂಟಾಯಿತು. ಸಾಯಬಣ್ಣ ಮುಂದೆ ಹುಮನಾಬಾದಿನ ಕಡೆ ಓಡಿಲ್ಲ. ಬಂದ ದಾರಿಗೇ ತಿರುಗಿದ್ದಾನೆ. ಹಾಗಾದರೆ ಮಾಲೀಕನಿಗೆ ಮಾಡಿದ ಫೋನು ಸುಳ್ಳು. ಅಜರ್ ಹೇಳಿದ್ದೂ ಸುಳ್ಳು. ಗೆಳೆಯರಿಬ್ಬರೂ ಸೇರಿ ಒಂದೇ ಸುಳ್ಳನ್ನು ಹೆಣೆದಿದ್ದಾರೆಯೆ? ಅಥವಾ ಒಬ್ಬ ಇನ್ನೊಬ್ಬನನ್ನು ಮುಗಿಸಿ ಆ ಸುಳ್ಳನ್ನು ಮುಂದುವರಿಸುತ್ತಿದ್ದಾನೆಯೆ?

ಅವಳು ತೋಳೇರಿಸಿ ಲಾರಿಯ ಕೆಲಸಕ್ಕೆ ಇಳಿದಳು.

ಮೊದಲು ಶಿವಶರಣನಿಂದ ಕೀ ಇಸಿದುಕೊಂಡು ಸೆಲ್ಫ್ ಹೊಡೆದಳು. ಇಂಜಿನ್ ಗಡಗಡನೆ ತಿರುಗಿತು, ಹಿಡಿಯಲಿಲ್ಲ. ಸೈಲೆನ್ಸರಿನ ಬಾಯಿಯಲ್ಲಿ ಹೊಗೆಯ ಎಳೆಯೂ ಕಾಣಲಿಲ್ಲ.

"ಬಿಳಿ ಹೊಗಿ ಭಾಳ ಬಂತು ಅಂದ್ರಿ?"

ಅಜರ್ ಬೆರಳಿನ ಗ್ರೀಸ್ ಒರೆಸತೊಡಗಿದ.

ಅವಳು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದಳು. ಗಾಳಿ ಸೇರಿದ್ದರೆ ಗುಳ್ಳೆ ಬರಬೇಕಿತ್ತು. ಬಂದದ್ದು ತಿಳಿ ಡೀಸೆಲ್ಲು, ಗುಳ್ಳೆಯಿಲ್ಲದ ಧಾರೆ. ನೀರು ಬೆರೆತಿರಲಿಲ್ಲ. ಕಸವಿರಲಿಲ್ಲ. ಪಂಪಿನ ಬಾಯಿಯವರೆಗೂ ಡೀಸೆಲ್ ಬಂದು ನಿಂತಿತ್ತು. ಅಲ್ಲಿಂದ ಮುಂದಕ್ಕೆ ಹೋಗಲು ಅದಕ್ಕೆ ದಾರಿಯಿರಲಿಲ್ಲ.

ದಾರಿ ಬಿಡಬೇಕಾದದ್ದು ಪಂಪಿಗೆ ಹೊಂದಿಸಿದ ಪುಟ್ಟ ಕಾಯಿಲ್. ಕೀ ತಿರುವಿದಾಗ ಅದಕ್ಕೆ ಕರೆಂಟ್ ಬಂದು, ಟಕ್ ಎಂದು ಎಳೆದುಕೊಂಡು, ಡೀಸೆಲ್ಲಿಗೆ ಬಾಗಿಲು ತೆರೆಯಬೇಕು.

"ಜಯದೇವಿ, ಮ್ಯಾಲ ಹತ್ತಿ ಕೀ ಒಮ್ಮಿ ತಿರುವವಾ. ಸೆಲ್ಫ್ ಹೊಡೀಬ್ಯಾಡ."

ಜಯದೇವಿ ಹತ್ತಿ ಕೀ ತಿರುವಿದಳು. ಮಂಜುಷಾ ಕಾಯಿಲ್ಲಿನ ಮೇಲೆ ಬೆರಳಿಟ್ಟಿದ್ದಳು. ಟಕ್ ಅನ್ನಲಿಲ್ಲ. ವೈರಿಗೆ ಟೆಸ್ಟ್ ಬಲ್ಬು ಹಿಡಿದಳು. ಹತ್ತಲಿಲ್ಲ.

ಕರೆಂಟೇ ಇಲ್ಲ.

ಅವಳು ಕ್ಯಾಬಿನ್ನಿಗೆ ಹತ್ತಿ ಡ್ಯಾಶ್‌ಬೋರ್ಡಿನ ಕೆಳಗಿನ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದಳು. ಫ್ಯೂಸುಗಳ ಮೇಲೆಲ್ಲ ಧೂಳು ಕೂತಿತ್ತು. ಒಂದು ಜಾಗ ಖಾಲಿ. ಖಾಲಿ ಜಾಗದ ಅಂಚಿನ ಧೂಳು ಮಾತ್ರ ಒರೆಸಿಹೋಗಿತ್ತು.

ಸುಟ್ಟದ್ದಲ್ಲ, ಯಾರೋ ಕಿತ್ತದ್ದು.

ಅವಳು ಇಳಿದು ಅಜರ್‌ನನ್ನು ಬೇವಿನ ಮರದ ಹಿಂದಕ್ಕೆ ಕರೆದೊಯ್ದಳು.

"ಪಂಪ್ ಹೋಗಿಲ್ಲ. ಒಂದು ಫ್ಯೂಸ್ ಇಲ್ಲ. ನಿಮಗ ಇದು ಗೊತ್ತಿತ್ತು."

ಅಜರ್ ನೆಲ ನೋಡುತ್ತಿದ್ದ.

"ಸಾಯಬಣ್ಣ ಫೋನ್ ಮಾಡಿಲ್ಲ ಅಂದ್ರಿ. ಅದೂ ಸುಳ್ಳು?"

"ಹೌದ್ರಿ."

"ಎಲ್ಲದಾನ ಅಂವ?"

"ಗೊತ್ತಿದ್ರ ನಾ ಇಷ್ಟು ದಿನ ನಿದ್ದಿಗೆಡತಿದ್ದಿಲ್ರಿ." ಅವನು ಕೈ ಮುಗಿದ. "ಅಕ್ಕೋರ, ಖುದಾ ಕೀ ಕಸಂ, ಆ ಫ್ಯೂಸ್ ಹಾಕಬ್ಯಾಡ್ರಿ. ಗಾಡಿ ಇಲ್ಲೇ ನಿಂದ್ರಬೇಕು."

"ಯಾಕ?"

ಅಜರ್ ಬಾಯಿ ತೆರೆದ. ಅವನ ಕಣ್ಣು ಮಂಜುಷಾಳ ಹೆಗಲಾಚೆ ಹೋಯಿತು. ಶಿವಶರಣ ಹತ್ತಿರ ಬಂದು ನಿಂತಿದ್ದ. ಅಜರ್ ಬಾಯಿ ಮುಚ್ಚಿಕೊಂಡ.

"ಏನಂತಾನ ಮಿಸ್ತ್ರಿ?" ಎಂದ ಶಿವಶರಣ.

"ಏನೂ ಇಲ್ರಿ," ಎಂದ ಅಜರ್.

ಮಂಜುಷಾಳಿಗೆ ಸಿಟ್ಟು ಬಂತು. ಗೆಳೆಯ ಮಾಯವಾಗಿದ್ದಾನೆ, ಅವನ ಹೆಂಡತಿ ಅಳುತ್ತಿದ್ದಾಳೆ, ಈ ಮನುಷ್ಯ ಇನ್ನೂ ಮುಚ್ಚಿಡುತ್ತಿದ್ದಾನೆ. ಮುಚ್ಚಿಡುವವನಿಗೆ ಏನೋ ಅಂಜಿಕೆಯಿದೆ. ಅಂಜಿಕೆ ಯಾರದ್ದು?

ಜಯದೇವಿ ಬಂದು ಅವಳ ಕೈ ಹಿಡಿದಳು. "ಅಕ್ಕೋರ, ಚಾಲೂ ಮಾಡಿ ತೋರಿಸ್ರಿ. ಗಾಡಿ ಕೆಟ್ಟಿಲ್ಲ, ಈ ಅಜರಣ್ಣ ಸುಳ್ಳ ಹೇಳ್ಯಾನ ಅಂತ ಎಲ್ಲಾರ ಕಣ್ಣಿಗೆ ಬೀಳಲಿ. ಆಗರೆ ಅಂವ ಬಾಯಿ ಬಿಡತಾನ."

ಮಾತು ಸರಿಯೆನಿಸಿತು.

ಮಂಜುಷಾ ಕ್ಯಾಬಿನ್ ಹತ್ತಿದಳು. ವೈಪರಿನ ಫ್ಯೂಸ್ ಕಿತ್ತು ಖಾಲಿ ಜಾಗಕ್ಕೆ ಒತ್ತಿದಳು. ಕೀ ತಿರುವಿದಳು. ಕೆಳಗೆಲ್ಲೋ ಟಕ್ ಎಂದಿತು. ಸೆಲ್ಫ್ ಹೊಡೆದಳು. ಇಂಜಿನ್ ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಹಿಡಿಯಿತು. ಇಡೀ ಕ್ಯಾಬಿನ್ ನಡುಗತೊಡಗಿತು. ಶಿವಶರಣ ಚಪ್ಪಾಳೆ ತಟ್ಟಿದ್ದು ಕಿಟಕಿಯಿಂದ ಕಾಣಿಸಿತು.

ಅದೇ ಹೊತ್ತಿಗೆ ಡ್ಯಾಶ್‌ಬೋರ್ಡಿನ ಸ್ಟೀರಿಯೊ ನೀಲಿಯಾಗಿ ಬೆಳಗಿತು. ಸಾಯಬಣ್ಣ ಅದಕ್ಕೂ ಅದೇ ಫ್ಯೂಸಿನಿಂದ ವೈರ್ ಎಳೆದಿದ್ದ. ಫ್ಯೂಸ್ ಇಲ್ಲದೆ ಅದೂ ಇಷ್ಟು ದಿನ ಸತ್ತು ಬಿದ್ದಿತ್ತು. ಸ್ಟೀರಿಯೊ ಹೆಣ್ಣುದನಿಯಲ್ಲಿ 'ಬ್ಲೂಟೂತ್ ಕನೆಕ್ಟೆಡ್' ಎಂದಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಸರಿದವು. 'ಸಾಯಬಣ್ಣ ಫೋನ್'. ಯಾವುದೋ ಭಜನೆ ನಡುವಿನಿಂದ ಶುರುವಾಯಿತು.

ಮಂಜುಷಾಳ ಕೈ ಸ್ಟೇರಿಂಗಿನ ಮೇಲೆ ಹಾಗೇ ನಿಂತಿತು.

ಸಾಯಬಣ್ಣನ ನಂಬರು ಬಂದ್ ಆಗಿ ಎಷ್ಟೋ ದಿನವಾಗಿತ್ತು. ಸಿಮ್ ತೆಗೆದ ಫೋನಿಗೆ ಕರೆ ಹೋಗುವುದಿಲ್ಲ. ಆದರೆ ಫೋನು ಬದುಕಿದ್ದರೆ, ಹತ್ತಿರದಲ್ಲಿದ್ದರೆ, ಗುರುತಿನ ಸ್ಟೀರಿಯೊ ಅದನ್ನು ತಾನೇ ಹಿಡಿದುಕೊಳ್ಳುತ್ತದೆ. ಫೋನು ಇಲ್ಲಿಯೇ ಇದೆ. ಇಲ್ಲಿ ನಿಂತವರಲ್ಲಿ ಯಾರದೋ ಬಳಿ.

ಅವಳು ಕೂಗಲಿಲ್ಲ. ಕಿಟಕಿಯಿಂದ ತಲೆ ಹಾಕಿ ಸಾದಾ ದನಿಯಲ್ಲಿ ಅಂದಳು, "ಅಜರ್ ಭಾಯಿ, ರೇಡಿಯೇಟರಿಗೆ ಬಂಡೆಮ್ಮನ ಬಲ್ಲಿ ಒಂದು ಕೊಡ ನೀರು ತರ್ರಿ."

ಅಜರ್ ರಸ್ತೆ ದಾಟಿ, ಅಂಗಡಿಯ ಹಿಂದಿನ ನಲ್ಲಿಗೆ ಹೋದ. ಹಾಡು ನಿಲ್ಲಲಿಲ್ಲ.

ಶಿವಶರಣ ಫೋನಿನಲ್ಲಿ ಮಾತಾಡುತ್ತ ರಸ್ತೆಯುದ್ದಕ್ಕೆ ನಡೆದು ಹೋದ. ಬಹಳ ದೂರ ಹೋದ. ಮಂಜುಷಾ ಕಾದಳು. ಹಾಡು ನಿಲ್ಲಲಿಲ್ಲ.

ಲಾರಿಯ ಪಕ್ಕದಲ್ಲಿ ಉಳಿದದ್ದು ಒಬ್ಬಳೇ.

"ಜಯದೇವಿ, ಅಂಗಡ್ಯಾಗ ಕೂಡು ಹೋಗವಾ. ಬಿಸಲಾಗ ನಿಂತೀದಿ."

ಜಯದೇವಿ ಕೈಚೀಲ ಕಂಕುಳಿಗೆ ಒತ್ತಿಕೊಂಡು ರಸ್ತೆ ದಾಟಿದಳು. ಅವಳು ಅಂಗಡಿಯ ನೆರಳಿಗೆ ಹೋಗುತ್ತಿದ್ದಂತೆ ಹಾಡು ತುಂಡು ತುಂಡಾಯಿತು. ಆಮೇಲೆ ನಿಂತೇಬಿಟ್ಟಿತು. ಪರದೆಯ ಮೇಲಿನ ಹೆಸರು ಅಳಿಸಿತು.

ಮಾಲೀಕನಿಗೆ ಕಮಲಾಪುರದಿಂದ ಕರೆ ಬಂದದ್ದು ಆ ಫೋನಿನಿಂದಲೇ. ಅಂದರೆ ಇಲ್ಲಿಯವರೆಗೂ ಅದು ಸಾಯಬಣ್ಣನ ಜೇಬಿನಲ್ಲಿತ್ತು. ಮನೆ ಬಿಟ್ಟ ಮೇಲೆ ಗಂಡನ ಮುಖವನ್ನೇ ಕಂಡಿಲ್ಲ ಎಂದವಳ ಚೀಲಕ್ಕೆ ಅದು ಬಂದದ್ದು ಹೇಗೆ?

ಹಾಡು ನಿಂತದ್ದು ಜಯದೇವಿಗೂ ಕೇಳಿಸಿತ್ತು. ಅವಳು ಅಂಗಡಿಯ ಎದುರು ನಿಂತು ಕ್ಯಾಬಿನ್ನಿನ ಕಡೆ ನೋಡಿದಳು. ತನ್ನ ಚೀಲವನ್ನು ನೋಡಿಕೊಂಡಳು. ನಿಧಾನವಾಗಿ ರಸ್ತೆ ದಾಟಿ ವಾಪಸು ಬಂದಳು. ಭಜನೆ ಮತ್ತೆ ಶುರುವಾಯಿತು.

ಅವಳ ಮುಖದಲ್ಲಿ ಅಳುವಿನ ಗುರುತೂ ಇರಲಿಲ್ಲ.

"ಅಕ್ಕೋರು ಶಾಣ್ಯಾ ಅಂತ ಕೇಳಿದ್ದೆ. ಖರೇನೇ."

"ಸಾಯಬಣ್ಣ ಎಲ್ಲಿ?"

"ಅಂವನ್ನ ಹುಡಕಾಕ ನಿಮ್ಮನ್ನ ಕರದಿಲ್ರಿ. ಅಂವ ಎಲ್ಲದಾನ ನನಗ ಗೊತ್ತದ. ಗಾಡಿಗೆ ಏನ್ ಮಾಡ್ಯಾನ ಅನ್ನೂದಷ್ಟೇ ಗೊತ್ತಿದ್ದಿಲ್ಲ. ಎಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ." ಅವಳು ತಲೆ ತಿರುಗಿಸಿ, ದೂರದಿಂದ ವಾಪಸು ಬರುತ್ತಿದ್ದವನನ್ನು ಕೂಗಿದಳು. "ಶಿವಶರಣ, ಬಾ. ಗಾಡಿ ಹತ್ತು."

ಅವಳನ್ನು ಬೀದಿಯಲ್ಲಿ ಗದರಿದ್ದ ಮಾಲೀಕ ಮಾತಿಲ್ಲದೆ ಅವಸರದ ಹೆಜ್ಜೆ ಹಾಕಿ ಬಂದ.

ಅಜರ್ ನೀರಿನ ಕೊಡ ಹೊತ್ತು ಎದುರಿಗೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಕೊಡ ಕೈಜಾರಿ ಅವನ ಕಾಲಮೇಲೇ ಉರುಳಿತು.

"ಭಾಭಿ, ಅಂವ ನಿಮಗ ಹೇಳಿ ಠಾಣೆಗೆ ಹೋಗತೀನಿ ಅಂದಿದ್ದ. ಮೊದಲ ಮನಿಗೇ ಬರತೀನಿ ಅಂದಿದ್ದ." ಅವನು ಮಂಜುಷಾಳ ಕಡೆ ತಿರುಗಿದ. "ಬ್ಯಾಳಿ ಚೀಲದ ಕೆಳಗ ಏನೋ ಅದ ಅಕ್ಕೋರ. ಏನಂತ ನನಗ ಹೇಳಲಿಲ್ಲ. ಜನರ ಕಣ್ಣಾಗ ಗಾಡಿ ಇರಲಿ, ನಾ ಬರೂತನ ಚಾಲೂ ಮಾಡಾಕ ಬಿಡಬ್ಯಾಡ ಅಂದಿದ್ದ. ಮಾಲಕರ ಕೈಯಾಗ ಸಿಕ್ಕಾನಂತ ಅಂಜಿದ್ದೆ. ಮನ್ಯಾಗೇ ಸಿಕ್ಕಾನಂತ..."



ಸಾಯಬಣ್ಣ ಹಾಕಿದ ಬೀಗವನ್ನು ತನ್ನ ಕೈಯಾರೆ ತೆಗೆದುಕೊಟ್ಟೆ ಎಂಬುದು ಮಂಜುಷಾಳಿಗೆ ಹೊಳೆದದ್ದು ಆಗ. ಮಿಸ್ತ್ರಿ ಬೇಡಿಕೊಂಡಿದ್ದ. ಅವಳು ಅಳುವವಳ ಮಾತು ಕೇಳಿದ್ದಳು.

ಶಿವಶರಣ ಕ್ಯಾಬಿನ್ನಿನ ಬಾಗಿಲಿಗೆ ಕೈ ಹಾಕಿದ. "ಇಳೀರಿ ಮ್ಯಾಡಂ."

ಜಯದೇವಿ ತನ್ನ ಫೋನು ಎತ್ತಿ ಹಿಡಿದಳು. ಪರದೆಯ ಮೇಲೊಂದು ಫೋಟೊ. ಕುರ್ಚಿಗೆ ಕಟ್ಟಿದ ಗಂಡಸು, ತುಟಿ ಒಡೆದಿದೆ, ಕಣ್ಣು ಕ್ಯಾಮರಾವನ್ನೇ ದಿಟ್ಟಿಸುತ್ತಿದೆ. "ಇವತ್ತ ಮುಂಜಾನಿದು. ಕಾಯಾಕ ನಮ್ಮಂವ ಒಬ್ಬ ಕುಂತಾನ. ಜೀವ ಅದ. ಗಾಡಿ ಹೋಗಿ ಮುಟ್ಟೂತನ ಇರತದ. ಸುಮ್ಮ ಇಳೀರಿ."

ಮಂಜುಷಾ ಫೋಟೊ ನೋಡಿದಳು. ಅಷ್ಟು ಹೊಡೆತ ತಿಂದರೂ ಒಂದು ಫ್ಯೂಸಿನ ಮಾತು ಬಾಯಿಬಿಡದ ಮನುಷ್ಯ. ಗಾಡಿ ಹೋಗಿ ಮುಟ್ಟಿದ ಮೇಲೆ ಇವರು ಅವನನ್ನು ಉಳಿಸುತ್ತಾರೆಯೆ? ಎಲ್ಲ ಕಂಡವನನ್ನು?

ಅವಳ ಕೈ ಡ್ಯಾಶ್‌ಬೋರ್ಡಿನ ಕೆಳಗೆ ಹೋಯಿತು. ಫ್ಯೂಸ್ ಕಿತ್ತಳು.

ಇಂಜಿನ್ ಒಮ್ಮೆ ನಡುಗಿ ನಿಂತಿತು. ಹಾಡೂ ನಿಂತಿತು. ರಸ್ತೆಯಾಚೆ ಬಂಡೆಮ್ಮ ತಲೆ ಎತ್ತಿ, "ಯಾರಲೇ ಅದು ಗಾಡಿ ಬಾಗಲ ಹಿಡದಾವ?" ಎಂದು ಕೂಗಿದಳು. ಅಕ್ಕಪಕ್ಕದ ಅಂಗಡಿಯವರು ಎದ್ದು ನಿಂತರು. ಶಿವಶರಣ ಬಾಗಿಲು ಬಿಟ್ಟು ಹಿಂದೆ ಸರಿದ.

ಜಯದೇವಿ ಮಾತ್ರ ಕದಲಲಿಲ್ಲ.

"ತಪ್ಪ ಮಾಡಿದ್ರಿ," ಎಂದಳು ಮೆತ್ತಗೆ. ನಂಬರು ಒತ್ತಿ ಫೋನು ಕಿವಿಗಿಟ್ಟಳು. ಆಚೆಯವರು ಎತ್ತಿದೊಡನೆ ಅಂದಳು, "ಇನ್ನ ಅಂವನ್ನ ಇಟಗೊಂಡು ಕೆಲಸಿಲ್ಲ. ಮುಗಿಸು."

ಆಚೆಯಿಂದ ಉತ್ತರ ತಡವಾಗಿ ಬಂತು. ಅದನ್ನು ಕೇಳುತ್ತಿದ್ದಂತೆ ಜಯದೇವಿಯ ಮುಖದ ರಕ್ತವೆಲ್ಲ ಇಳಿದುಹೋಯಿತು. ಫೋನು ಕಿವಿಯಿಂದ ಜಾರಿತು; ಬೆರಳು ತಾಕಿ ಸ್ಪೀಕರ್ ಚಾಲೂ ಆಯಿತು. ಇಂಜಿನ್ ನಿಂತ ಮೌನದಲ್ಲಿ ಆ ದನಿ ಕ್ಯಾಬಿನ್ನಿನವರೆಗೂ ಸ್ಪಷ್ಟವಾಗಿ ಕೇಳಿಸಿತು. ದಣಿದ, ಒಡೆದ ತುಟಿಯ ಗಂಡಸಿನ ದನಿ.

"ಯಾರಿಗೆ ಹೇಳಾಕತ್ತೀ ಜಯಾ? ನನ್ನ ಕಾಯಾಂವ ಇನ್ನ ಮಾತಾಡಂಗಿಲ್ಲ."